ಸ್ಕೇಲಮ್ಮ ತೆಗೆದ ನಾಲ್ಕು ಸಾಲು

ಗಣಿತ ವಿಭಾಗದ ಟೈಪಿಸ್ಟ್ ಡ್ರಾಯರ್ ಎಳೆದು ಉಕ್ಕಿನ ಸ್ಕೇಲು ಹೊರತೆಗೆದರೆ ಕಾರಿಡಾರಿನಲ್ಲಿ ಸೊಟ್ಟಗೆ ನಿಂತ ಬೀರುಗಳೂ ನೆಟ್ಟಗಾಗುತ್ತಿದ್ದವು ಎಂದು ಪ್ರತೀತಿ. ಇಪ್ಪತ್ತೆರಡು ವರ್ಷಗಳಿಂದ ಆಕೆ ಯಾವ ಹಾಳೆಯನ್ನೂ ಅಳೆಯದೆ ಹೊರಗೆ ಬಿಟ್ಟವಳಲ್ಲ. ಹೀಗಾಗಿ ಆಕೆ ಸ್ಕೇಲಮ್ಮ.

ಆಕೆಯನ್ನು ಕಂಡರೆ ವಿಭಾಗದ ಮುಖ್ಯಸ್ಥರಿಗೆ ಮೈಯೆಲ್ಲ ಉರಿ. ಅವರನ್ನು ಕಂಡರೆ ಆಕೆಗೂ ಅಷ್ಟೇ. ಆದರೆ ಆಕೆಯ ಉರಿ ಮಿಲಿಮೀಟರಿನ ಲೆಕ್ಕದಲ್ಲಿ ಹೊರಬರುತ್ತಿತ್ತು.

ಅಂದು ಗಣಿತ ಸಮ್ಮೇಳನಕ್ಕೆ ಪ್ರಬಂಧದ ಸಾರಾಂಶ ಕಳಿಸಲು ಕಡೆಯ ದಿನ. ಸಂಜೆ ಐದರವರೆಗೆ ಗಡುವು. ಒಂದೇ ಪುಟ, ಸುತ್ತ ಎರಡೂವರೆ ಸೆಂಟಿಮೀಟರ್ ಅಂಚು. ಮುಖ್ಯಸ್ಥರ ಸಾರಾಂಶ ಮೂರು ಸಾಲು ಹೆಚ್ಚಾಗಿ ಎರಡನೇ ಪುಟಕ್ಕೆ ಕಾಲು ಚಾಚಿತ್ತು. ಅವರೇ ಗುಟ್ಟಾಗಿ ಅಂಚು ಕಿರಿದು ಮಾಡಿ ತಂದರು. ಸ್ಕೇಲು ಹೊರಬಂತು.

"ಎರಡೇ ಇದೆ ಸರ್. ಉಳಿದ ಅರ್ಧ ಎಲ್ಲಿ ನುಂಗಿದ್ರಿ?"

"ಗಣಿತದ ಗಂಧ ಇಲ್ಲ, ನನಗೇ ಅಳತೆ ಹೇಳಿಕೊಡ್ತೀಯ?"

"ಗಂಧ ಇಲ್ಲ ಸರ್, ಸ್ಕೇಲಿದೆ."

ಹಲ್ಲು ಕಡಿಯುತ್ತ ಅವರು ಹಾಳೆ ಕಿತ್ತುಕೊಂಡು, ಎರಡನೇ ಲೇಖಕಿಯ ಹೆಸರು, ವಿಭಾಗ, ವಿಳಾಸ ಮೂರನ್ನೂ ಕೆಂಪು ಪೆನ್ನಿನಿಂದ ಗೀಚಿದರು. ಆ ಲೇಖಕಿ ಅವರ ಸಂಶೋಧನಾ ವಿದ್ಯಾರ್ಥಿನಿ. ಆ ಪ್ರಮೇಯವನ್ನು ಒಂದೂವರೆ ವರ್ಷ ಗುದ್ದಾಡಿ ಸಾಧಿಸಿದವಳೂ ಅವಳೇ. ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದವಳು ಬಿಳಿಚಿಕೊಂಡಳು.

"ಈಗ ಹಿಡಿಸುತ್ತೆ. ಕಳಿಸು," ಎಂದು ಅವರು ಚಹಾಕ್ಕೆ ನಡೆದರು.

ಗಂಟೆ ಐದಕ್ಕೆ ಹತ್ತು ನಿಮಿಷವಿತ್ತು. ಸ್ಕೇಲಮ್ಮ ಪರದೆಯನ್ನೇ ದಿಟ್ಟಿಸಿದಳು. ಮುಖ್ಯಸ್ಥರ ಹೆಸರಿನ ಕೆಳಗೆ ಪದವಿ, ಹುದ್ದೆ, ಬಿರುದುಗಳ ಮೆರವಣಿಗೆ. ಎಣಿಸಿದಳು, ಒತ್ತಿದಳು, ಅಳೆದಳು, ಕಳಿಸಿದಳು.

ಐದೂಕಾಲಿಗೆ, ಸಾರಾಂಶ ತಲುಪಿದೆ ಎಂದು ಸಮ್ಮೇಳನದವರು ಕಳಿಸಿದ ಪ್ರತಿ ಹಿಡಿದುಕೊಂಡು ಮುಖ್ಯಸ್ಥರು ಬಾಗಿಲನ್ನೇ ಮುರಿಯುವಂತೆ ನುಗ್ಗಿದರು.

"ಯಾರನ್ನ ಕೇಳಿ ನನ್ನ ಪದವಿ ಕಿತ್ತೆ?"

"ಸಮ್ಮೇಳನದ ಒಂಬತ್ತನೇ ನಿಯಮಾನ ಕೇಳಿ ಸರ್. ಹೆಸರಿನ ಜೊತೆ ಪದವಿ, ಹುದ್ದೆ, ಬಿರುದು ಹಾಕ್ಬಾರ್ದಂತೆ."

"ನಾನು ತೆಗಿ ಅಂದಿದ್ದು ಅವಳ ಹೆಸರನ್ನ!"

"ಅವಳ ಹೆಸರು ಹಾಕ್ಬಾರ್ದು ಅಂತ ಯಾವ ನಿಯಮದಲ್ಲೂ ಇಲ್ಲ ಸರ್."

"ಮತ್ತೆ ತಿದ್ದಿ ಕಳಿಸು, ಈಗಲೇ!"

"ಐದಕ್ಕೆ ಮುಗೀತಲ್ಲ ಸರ್."

ಅವರು ಬೈದ ಬೈಗುಳಗಳನ್ನು ಟೈಪು ಮಾಡಿದ್ದರೆ ಎರಡು ಪುಟ ದಾಟುತ್ತಿತ್ತು. ಅವರು ಹೊರಟುಹೋದ ಮೇಲೆ ವಿದ್ಯಾರ್ಥಿನಿ ಮೆಲ್ಲಗೆ ಹತ್ತಿರ ಬಂದಳು. ಕಣ್ಣು ತುಂಬಿತ್ತು.

"ಅಕ್ಕಾ, ನನಗೋಸ್ಕರ ಅವರನ್ನ ಎದುರು ಹಾಕ್ಕೊಂಡ್ರಲ್ಲ..."

ಸ್ಕೇಲಮ್ಮ ಸ್ಕೇಲನ್ನು ಸೆರಗಿನಿಂದ ಒರೆಸಿ ಡ್ರಾಯರಿಗೆ ಹಾಕಿದಳು.

"ಹಾಗೇನಿಲ್ಲ ಕಣಮ್ಮ. ನಿನ್ನದು ಮೂರು ಸಾಲು, ಅವರದು ನಾಲ್ಕು. ನಾಲ್ಕು ತೆಗೆದ್ರೆ ಕೆಳಗೆ ಒಂದು ಸಾಲು ಖಾಲಿ ಉಳಿಯುತ್ತೆ. ನೋಡೋಕೆ ಚೆನ್ನಾಗಿರುತ್ತೆ."