ನೂರರ ಪೆಟ್ರೋಲು

ನನ್ನ ಅಣ್ಣನಿಗೆ ಕಿವಿ ಕೇಳಿಸುವುದಿಲ್ಲ ಎಂದು ಚಳ್ಳಕೆರೆಯ ಜನಕ್ಕೆ ತೋರಿಸಿಕೊಟ್ಟವನು ನಾನೇ. ಅದಕ್ಕೆ ಮುಂಚೆ ಮನೆಯವರನ್ನು ಬಿಟ್ಟರೆ ಯಾರಿಗೂ ಅದು ಸರಿಯಾಗಿ ಗೊತ್ತಿರಲಿಲ್ಲ. ಮಾತಾಡುವವರ ತುಟಿ ನೋಡಿ ಅಣ್ಣ ಅರ್ಥ ಮಾಡಿಕೊಳ್ಳುತ್ತಿದ್ದ. ತಿಳಿಯದೆ ಹೋದದ್ದನ್ನು ನಮ್ಮ ಗ್ಯಾರೇಜಿನಿಂದ ಗಿರಾಕಿ ಹೋದ ಮೇಲೆ ನನ್ನ ಹತ್ತಿರ ಕೇಳುತ್ತಿದ್ದ. ಜನ ಅವನನ್ನು ಕಮ್ಮಿ ಮಾತಿನ ಮನುಷ್ಯ ಅಂದುಕೊಂಡಿದ್ದರು.

ನಾವು ನನ್ನಿವಾಳದವರು. ಅಪ್ಪ ತೀರಿಕೊಂಡಾಗ ಮನೆಯಲ್ಲಿದ್ದ ಕುರಿಗಳನ್ನು ಅವ್ವ ನೋಡಿಕೊಂಡಳು, ಅಣ್ಣ ಚಳ್ಳಕೆರೆಗೆ ಬಂದು ಎಣ್ಣೆ ಮಿಲ್ಲು ಸೇರಿದ. ಶೇಂಗಾ ಒಡೆಯುವ ಮಿಷನ್ನಿನ ಪಕ್ಕ ಎಂಟು ವರ್ಷ ನಿಂತ. ಆ ಸದ್ದಿನಲ್ಲಿ ಎದುರಿಗಿರುವವನು ಕೂಗಿದರೂ ಕೇಳಿಸುವುದಿಲ್ಲ. ಆ ದುಡಿಮೆಯಲ್ಲಿ ನನ್ನನ್ನು ಐಟಿಐ ಓದಿಸಿದ. ನನ್ನ ಕೈಗೆ ಸರ್ಟಿಫಿಕೇಟು ಬರುವ ಹೊತ್ತಿಗೆ ಅವನ ಎರಡೂ ಕಿವಿ ಹೋಗಿದ್ದವು.

ಮಿಲ್ಲಿನ ಇಂಜಿನ್ನುಗಳನ್ನು ಬಿಚ್ಚಿ ಜೋಡಿಸುತ್ತ ಅವನು ಕೆಲಸ ಕಲಿತಿದ್ದ. ಇಬ್ಬರೂ ಸೇರಿ ಬಳ್ಳಾರಿ ರಸ್ತೆಯಲ್ಲಿ ಗ್ಯಾರೇಜು ಹಾಕಿದೆವು. ಬೋರ್ಡಿನ ಮೇಲೆ ಇಬ್ಬರ ಹೆಸರೂ ಇತ್ತು. ಆದರೆ ಬಂದವರೆಲ್ಲ ಕೇಳುತ್ತಿದ್ದದ್ದು, "ನಿಮ್ಮಣ್ಣ ಇಲ್ಲೇನು?" ಅಂತ. ಇದ್ದರೆ ಕೂರುತ್ತಿದ್ದರು, ಇಲ್ಲದಿದ್ದರೆ "ಆಮ್ಯಾಲೆ ಬರ್ತೀವಿ" ಅನ್ನುತ್ತಿದ್ದರು. ಓದಿದವನು ನಾನು, ಪುಸ್ತಕದಲ್ಲಿ ಇರುವುದೆಲ್ಲ ಗೊತ್ತಿದ್ದವನು ನಾನು. ಹತ್ತು ವರ್ಷ ಆ ಪ್ರಶ್ನೆ ಕೇಳಿಸಿಕೊಂಡೆ.

ಮೂರು ಬೇಸಿಗೆಯ ಹಿಂದೆ, ಅಣ್ಣ ದುಡಿದ ಅದೇ ಮಿಲ್ಲಿನ ಸಾವ್ಕಾರ್ರು ಬೆಂಗಳೂರಿನಿಂದ ಒಂದು ಹಳೇ ಸ್ಪೋರ್ಟ್ಸ್ ಕಾರು ತಂದರು. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಹೊರದೇಶದ್ದು, ವಯಸ್ಸು ಮೂವತ್ತರ ಮೇಲೆ. ಅದು ನಿಂತಲ್ಲಿ ಆಟೋದವರು ಆಟೋ ಬಿಟ್ಟು ಬಂದು ನೋಡುತ್ತಿದ್ದರು. ತಂದ ತಿಂಗಳಿಗೇ ಸಾವ್ಕಾರ್ರು ಅದನ್ನು ನಮ್ಮ ಗ್ಯಾರೇಜಿಗೆ ಹೊಡೆದುಕೊಂಡು ಬಂದರು.

"ಏರು ಬಂದ್ರೆ ಒಳಗೆ ಟಿಣಿಟಿಣಿ ಅಂತೈತೆ, ನೋಡ್ರಪ್ಪ," ಅಂದರು.

ಅಣ್ಣನಿಗೆ ಆ ಸದ್ದು ಕೇಳಿಸುವಂತಿರಲಿಲ್ಲ. ಅವನು ಪ್ಲಗ್ಗುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದ. ತುದಿಯ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಚುಕ್ಕಿಗಳಿದ್ದವು. ಆಮೇಲೆ ಪೆಟ್ರೋಲ್ ಮುಚ್ಚಳ ತೆಗೆದು ಅದರ ಒಳಗೆ ಅಂಟಿಸಿದ್ದ ಚೀಟಿ ನೋಡಿದ. ಭಾಷೆ ಯಾವುದೋ. ಅಂಕಿ ಮಾತ್ರ ಓದಲು ಬರುತ್ತಿತ್ತು, ತೊಂಬತ್ತೆಂಟು. ಪೆಟ್ರೋಲು ಎಷ್ಟು ಒತ್ತಡ ತಡೆಯಬೇಕು ಎಂದು ಹೇಳುವ ಆಕ್ಟೇನ್ ಅಂಕಿ ಅದು.

"ಸಾವ್ಕಾರ್ರೇ, ಇದು ಪೆಟ್ರೋಲ್ ಆವಿನ ಬಾಳ ಒತ್ತೋ ಇಂಜಿನ್ನು," ಅಂದ. ಅವನ ದನಿ ಯಾವಾಗಲೂ ಒಂದು ಪಟ್ಟು ಜೋರು. "ನಮ್ಮೂರ ಬಂಕಿನ ಮಾಮೂಲಿ ಪೆಟ್ರೋಲಿಗೆ ಆ ಒತ್ತಡ ತಡಿಯಾಕಾಗಲ್ಲ. ಪ್ಲಗ್ಗು ಹಚ್ಚೋದು ಒಂದು ಕಡೆ, ಪೆಟ್ರೋಲು ತಾನೇ ಹತ್ಕಳೋದು ಇನ್ನೊಂದು ಕಡೆ. ಈ ಚುಕ್ಕಿ ನೋಡ್ರಿ, ಪಿಸ್ಟನ್ನು ಕರಗಿ ಹಾರಿರೋದು. ಬೆಂಗಳೂರಾಗೆ ನೂರರ ಪೆಟ್ರೋಲು ಸಿಗ್ತೈತೆ, ನಿಮ್ಮ ಲಾರಿ ಹೋಗಿ ಬರ್ತಾವಲ್ಲ, ತರ್ಸ್ರಿ. ಅಲ್ಲಿತನಕ ಟೈಮಿಂಗ್ ಹಿಂದಕ್ಕೆ ಇಟ್ಟಿರ್ತೀನಿ. ಎಳೆತ ಒಂಚೂರು ಕಮ್ಮಿ ಆಗ್ತೈತೆ, ಇಂಜಿನ್ ಉಳಿತೈತೆ."

ಕಿಡಿ ಯಾವಾಗ ಹಾರಬೇಕೆಂದು ನಿರ್ಧರಿಸುವ ಡಿಸ್ಟ್ರಿಬ್ಯೂಟರನ್ನು ಚೂರೇ ಚೂರು ತಿರುಗಿಸಿ ಬಿಗಿ ಮಾಡಿದ. ಅದರ ಬುಡಕ್ಕೂ ಇಂಜಿನ್ನಿಗೂ ಸೇರುವ ಹಾಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದ. ಅವನು ಮಾಡಿದ್ದು ಸರಿ ಎಂದು ನನಗೆ ಗೊತ್ತಿತ್ತು. ನಾನು ಪರೀಕ್ಷೆಯಲ್ಲಿ ಬರೆದ ಉತ್ತರವೇ ಅದು.

ಹತ್ತು ದಿನಕ್ಕೆ ಸಾವ್ಕಾರ್ರು ಮುಖ ಗಂಟು ಹಾಕಿಕೊಂಡು ಬಂದರು. ಅವತ್ತು ಗ್ಯಾರೇಜಿನಲ್ಲಿ ಆರೇಳು ಜನ ಇದ್ದರು, ಲಾರಿ ಡ್ರೈವರುಗಳು, ಪಕ್ಕದ ಟೈರಿನ ಅಂಗಡಿಯವನು. ಅಣ್ಣ ಮೂಲೆಯಲ್ಲಿ ನಮಗೆ ಬೆನ್ನು ಮಾಡಿ ಕೂತು ಕಾರ್ಬ್ಯುರೇಟರ್ ತೊಳೆಯುತ್ತಿದ್ದ.

"ಏನ್ ಮಾಡ್ಯಾನೋ ನಿಮ್ಮಣ್ಣ? ಟೆಂಪೋ ಓಡ್ಸಿದಂಗೆ ಐತೆ. ಕಾರಿಗೆ ಬೆಂಗಳೂರಿಂದ ಪೆಟ್ರೋಲ್ ತರ್ಸಬೇಕಂತೆ. ನಿಜವೇನೋ ಅದು?"

ಹೌದು ಅನ್ನುವ ಒಂದು ಮಾತು ಸಾಕಿತ್ತು. ನಾನು ಹೇಳಿದ್ದು ಬೇರೆ.

"ಅಣ್ಣಂಗೆ ಕಿವಿ ಕೇಳ್ಸಲ್ರಿ ಸಾವ್ಕಾರ್ರೇ. ಇಂಜಿನ್ ಸದ್ದೇ ಕೇಳ್ಸದೋನು ಇಂಜಿನ್ ಬಗ್ಗೆ ಏನ್ ಹೇಳ್ತಾನೆ?"

ಅವರು ನಂಬಲಿಲ್ಲ. "ನನ್ ಕೂಡೆ ಚೆನ್ನಾಗೇ ಮಾತಾಡ್ದನಲ್ಲ," ಅಂದರು.

"ನೋಡ್ತೀರಾ?" ಅಂದೆ.

ಅಣ್ಣನ ಹಿಂದೆ ಎರಡು ಮಾರು ದೂರ ಹೋಗಿ ನಿಂತೆ. "ಲೇ ಕಿವುಡ," ಅಂದೆ. ಅಣ್ಣ ತೊಳೆಯುತ್ತಲೇ ಇದ್ದ. ಇನ್ನೂ ಜೋರಾಗಿ ಅಂದೆ. ಡ್ರೈವರೊಬ್ಬ ಕಿಸಕ್ಕನೆ ನಕ್ಕ. ಆ ನಗು ನನಗೆ ಹಿಡಿಸಿತು. ಮೂರನೆಯ ಸಲ ಅವನ ಹುಟ್ಟಿನ ಬಗ್ಗೆ ಒಂದು ಮಾತು ಸೇರಿಸಿದೆ, ಅಂದರೆ ನನ್ನ ಅವ್ವನ ಬಗ್ಗೆಯೂ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಸಾವ್ಕಾರ್ರೂ ನಕ್ಕರು. ಬೆಳಕಿಗೆ ಅಡ್ಡ ನೆರಳು ಆಡಿದ್ದಕ್ಕೋ ಏನೋ, ಅಣ್ಣ ತಿರುಗಿದ. ಎಲ್ಲರ ಮುಖ ನೋಡಿ, ಏನೋ ತಮಾಷೆ ನಡೆದಿದೆ ಅಂದುಕೊಂಡು ಅವನೂ ನಕ್ಕ. ಅದಕ್ಕೆ ಇನ್ನಷ್ಟು ನಗು.

ಅವನನ್ನು ಊಟಕ್ಕೆ ಕಳಿಸಿ ನಾನು ಟೈಮಿಂಗ್ ಮುಂದಕ್ಕೆ ಇಟ್ಟೆ. ಕಾರು ಹುಲಿಯ ಹಾಗೆ ಜಿಗಿಯಿತು. "ಓದಿದೋನಿಗೂ ಓದದೇ ಇರೋನಿಗೂ ಇದೇ ಫರಕು," ಅಂದರು ಸಾವ್ಕಾರ್ರು. ಮಗಳ ಮದುವೆಯ ಸೀರೆ ನೋಡಲು ಮೊಳಕಾಲ್ಮೂರಿಗೆ ಹೊರಟಿದ್ದವರು ನನ್ನನ್ನೂ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡರು.

ತಳಕು ದಾಟುವವರೆಗೂ ಏನೂ ಇರಲಿಲ್ಲ. ನೇರ ರಸ್ತೆ, ಕಾದ ಬಯಲು, ಸಾವ್ಕಾರ್ರು ಕಾಲು ಒತ್ತಿದ್ದೇ ಒತ್ತಿದ್ದು. ಆಮೇಲೆ ಏರುಗಳಲ್ಲಿ ಶುರುವಾಯಿತು. ಡಬ್ಬಿಯಲ್ಲಿ ಜಲ್ಲಿ ಹಾಕಿ ಅಲ್ಲಾಡಿಸಿದ ಸದ್ದು. ನನಗೆ ಸ್ಪಷ್ಟವಾಗಿ ಕೇಳಿಸಿತು. ನಿಧಾನ ಹೋಗ್ರಿ ಎಂದರೆ ಯಾಕೆ ಎಂದು ಕೇಳುತ್ತಾರೆ. ಹೇಳಿದರೆ ಅಣ್ಣ ಹೇಳಿದ್ದೇ ನಿಜವಾಗುತ್ತದೆ. ನಾನು ಕೈ ಚಾಚಿ ಹಾಡಿನ ಸದ್ದು ಜಾಸ್ತಿ ಮಾಡಿದೆ.

ಮೊಳಕಾಲ್ಮೂರಿನ ಗುಡ್ಡದ ಬಂಡೆಗಳು ಕಾಣುವಾಗ ಇಂಜಿನ್ ಒಂದು ಸಲ ಕೆಮ್ಮಿತು. ಹಿಂದೆ ನೀಲಿ ಹೊಗೆ ರಸ್ತೆಯನ್ನೇ ಮುಚ್ಚಿತು. ಪಿಸ್ಟನ್ನಿನ ತಲೆಗೆ ತೂತು ಬಿದ್ದಿತ್ತು, ಬಿಚ್ಚದೆಯೇ ನನಗೆ ಗೊತ್ತಾಯಿತು.

"ಏನಾತೋ?" ಅಂದರು ಸಾವ್ಕಾರ್ರು.

"ಅಣ್ಣ ಟೈಮಿಂಗ್ ಮುಟ್ಟಿದ್ನಲ್ರಿ, ಅವಾಗ್ಲೇ ಒಳಗೆ ಏಟು ಬಿದ್ದೈತೆ," ಅಂದೆ. ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಸಲೀಸಾಗಿ ಬಂತು.

ಮಾರನೆಯ ದಿನ ಕಾರು ಲಾರಿಯ ಮೇಲೆ ಬಂತು, ಅದರ ಹಿಂದೆಯೇ ಸಾವ್ಕಾರ್ರು. ಅವರು ಬಯ್ಯುತ್ತಿದ್ದ ವೇಗಕ್ಕೆ ಅಣ್ಣನಿಗೆ ತುಟಿ ಓದಲಾಗಲಿಲ್ಲ. ನನ್ನ ಕಡೆ ತಿರುಗಿ, "ಏನಂತಾರಲೇ?" ಅಂದ.

ಅವನಿಗೆ ತಿಳಿಯುವ ಹಾಗೆ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದೆ. "ಇಂಜಿನ್ ಹೋಗಿದ್ದು ನಿನ್ನಿಂದ ಅಂತಾರೆ."

ಅಣ್ಣ ಬಾನೆಟ್ಟು ಎತ್ತಿದ. ಬಿಳಿ ಗೆರೆ ಎರಡು ತುಂಡಾಗಿ ದೂರ ನಿಂತಿತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದ. "ಸಾವ್ಕಾರ್ರೇ, ನಾನಿಟ್ಟ ಗುರುತು ಇಲ್ಲಿತ್ತು. ಯಾರೋ ತಿರುವ್ಯಾರೆ. ಇಲ್ಲಿ ಬಂದು ನೋಡ್ರಿ," ಎಂದು ಕೂಗಿದ. ಸಿಟ್ಟು ಬಂದರೆ ಅವನ ದನಿ ಒಡೆದು, ಮಾತು ಮಾತಿನ ಮೇಲೆ ಬೀಳುತ್ತಿತ್ತು. ಆಮೇಲೆ ನನ್ನ ಕಡೆ ಬೆರಳು ಮಾಡಿದ. "ಇವ್ನು. ಇವ್ನೇ."

"ಮನೇಲೂ ಹಿಂಗೇ ರೀ," ಅಂದೆ ನಾನು. "ಕಿವಿ ಹೋದ ಮ್ಯಾಲೆ ತಲೇನೂ ನೆಟ್ಟಗಿಲ್ಲ."

ಸಾವ್ಕಾರ್ರು ಬಾನೆಟ್ಟಿನ ಹತ್ತಿರಕ್ಕೂ ಬರಲಿಲ್ಲ. ಎಂಟು ವರ್ಷ ತಮ್ಮ ಮಿಷನ್ನಿನ ಪಕ್ಕ ನಿಂತವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಈ ಕಿವುಡ ಇದ್ರೆ ನನ್ನ ಲಾರಿ ಒಂದೂ ಇಲ್ಲಿಗೆ ಬರಲ್ಲ," ಅಂದರು. ಅದನ್ನೂ ನಾನೇ ಅಣ್ಣನಿಗೆ ಬಿಡಿಸಿ ಹೇಳಬೇಕಾಯಿತು. ಅವನು ತನ್ನ ಪಾನಾಗಳನ್ನು ಒಂದು ಗೋಣಿಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ಬೋರ್ಡಿನ ಮೇಲಿನ ಅವನ ಹೆಸರಿಗೆ ಅದೇ ವಾರ ಬಣ್ಣ ಬಳಿಸಿದೆ.

ಪಿಸ್ಟನ್ನು ಹೊರಗಿನಿಂದ ಬರಲು ನಾಲ್ಕು ತಿಂಗಳು ಹಿಡಿಯಿತು. ಇಂಜಿನ್ ಕಟ್ಟುವಾಗ ಅಣ್ಣ ಹೇಳಿದ್ದನ್ನು ಅಕ್ಷರ ಬಿಡದೆ ಮಾಡಿದೆ. ನೂರರ ಪೆಟ್ರೋಲು ಬರುವವರೆಗೆ ಟೈಮಿಂಗ್ ಹಿಂದೆ ಇಟ್ಟೆ. ಬಂದ ಮೇಲೆ ಮುಂದಕ್ಕೆ ತಂದೆ. ಸಾವಿರ ಕಿಲೋಮೀಟರ್ ಓಡಿಸಿ ಪ್ಲಗ್ಗು ಬಿಚ್ಚಿದರೆ ಪಿಂಗಾಣಿ ಚೊಕ್ಕವಾಗಿತ್ತು, ಒಂದು ಚುಕ್ಕಿಯೂ ಇಲ್ಲ. ಪೆಟ್ರೋಲನ್ನು ಬೆಂಗಳೂರಿನಿಂದ ಯಾಕೆ ತರಿಸಬೇಕು ಎಂದು ಈ ಸಲ ಸಾವ್ಕಾರ್ರು ಕೇಳಲೇ ಇಲ್ಲ. ಓದಿದವನು ಹೇಳಿದ್ದಾನೆ, ತರಿಸಿದರು. ಈಗ ಗ್ಯಾರೇಜಿಗೆ ಬಂದವರು ಕೇಳುವುದು ನನ್ನನ್ನು.

ಅಣ್ಣ ಮೊಳಕಾಲ್ಮೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಅರ್ಧ ಜನ ತೆಲುಗು ಮಾತಾಡುತ್ತಾರೆ. ಕನ್ನಡದ ತುಟಿಯನ್ನಷ್ಟೇ ಓದಲು ಬಲ್ಲ ಅವನಿಗೆ ಅಲ್ಲಿ ಅರ್ಧ ಊರೇ ಇಲ್ಲ. ಒಂದು ಸಲ ಅವ್ವ ಕೊಟ್ಟ ರೊಟ್ಟಿಯ ಗಂಟು ಹಿಡಿದು ಹೋಗಿದ್ದೆ. ಟ್ರ್ಯಾಕ್ಟರಿನ ಕೆಳಗಿಂದ ಎದ್ದು ಬಂದು ಗಂಟು ಇಸಿದುಕೊಂಡ.

"ಅವ್ವಂಗೆ ಏನ್ ಹೇಳೀಯ?" ಎಂದು ಕೇಳಿದ.

"ನೀನೇ ಬಿಟ್ಟು ಹೋದೆ ಅಂತ ಹೇಳೀನಿ," ಅಂದೆ.

"ಇನ್ಮ್ಯಾಲೆ ರೊಟ್ಟಿ ಬಸ್ಸಿನ ಕಂಡಕ್ಟ್ರು ಕೈಲಿ ಕಳ್ಸು. ನೀನು ಬರಬ್ಯಾಡ," ಎಂದು ಹೇಳಿ ಮತ್ತೆ ಟ್ರ್ಯಾಕ್ಟರಿನ ಕೆಳಗೆ ತೂರಿಕೊಂಡ. ಅವ್ವ ಈಗಲೂ ದೊಡ್ಡವನನ್ನೇ ಬಯ್ಯುತ್ತಾಳೆ, ತಮ್ಮನ ಕೈ ಬಿಟ್ಟು ಹೋದನಲ್ಲ ಎಂದು. ನಾನು ಎದುರಿಗೇ ಕೂತು ಉಣ್ಣುತ್ತೇನೆ.

ಹೋದ ವರ್ಷ ಸಾವ್ಕಾರ್ರಿಗೆ ಕಾರು ಬೇಜಾರಾಗಿ ಮಾರಿದರು. ಕೊಂಡವರು ಹೊರಜಿಲ್ಲೆಯ ಒಬ್ಬ ಡಾಕ್ಟರು, ತಿಳಿವಳಿಕೆಯ ಮನುಷ್ಯ. ಯಾವ ಪೆಟ್ರೋಲು ಹಾಕಬೇಕು, ಸಿಗದಿದ್ದರೆ ಟೈಮಿಂಗ್ ಎಷ್ಟು ಹಿಂದಿಡಬೇಕು, ಪ್ಲಗ್ಗಿನಲ್ಲಿ ಏನು ನೋಡಬೇಕು, ಎಲ್ಲ ಹೇಳಿದೆ. ಅವರು ಕಾಗದದ ಮೇಲೆ ಬರೆದುಕೊಂಡರು.

"ಇಷ್ಟು ವಿವರ ನಮ್ಮೂರಲ್ಲಿ ಯಾರೂ ಹೇಳಲಿಲ್ಲ. ನಿಮಗೆ ಯಾರು ಕಲಿಸಿದ್ದು?" ಎಂದು ಕೇಳಿದರು.

"ಯಾರೂ ಇಲ್ರಿ," ಅಂದೆ. "ನಾನೇ ಕಂಡ್ಕಂಡಿದ್ದು."