ಬಡಿಸುವವರ ಊಟ

ನಾನು ದಪ್ಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಹೇಳದಿದ್ದರೆ ಬೇರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಸಿದ್ದಾಪುರದ ತವರಿಗೆ ಹೋದರೆ ಚಿಕ್ಕಮ್ಮ ಕಾಲಿಗೆ ನೀರು ಕೊಡುವ ಮೊದಲೇ ಹೇಳುತ್ತಾಳೆ. ಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ ಸರಿಯಾಗಿ ಗುರುತೂ ಇಲ್ಲದ ಹೆಂಗಸೊಬ್ಬಳು ಬ್ಯಾಗು ಕೆಳಗಿಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂತದೇ, ಮತ್ತೂ ದಪ್ಪ ಆದಾಂಗೆ ಕಾಣ್ತು" ಎನ್ನುತ್ತಾಳೆ. ನಮ್ಮ ಕಡೆ ಇದು ಬೈಗುಳವಲ್ಲ, ಕ್ಷೇಮಸಮಾಚಾರ. ಸಣ್ಣಗಿದ್ದವರಿಗೂ ಬಿಡುಗಡೆಯಿಲ್ಲ. ಅವರನ್ನು "ಎಂತ, ಮನೇಲಿ ಉಂಬಲೆ ಹಾಕ್ತ್ವಿಲ್ಯ?" ಎಂದು ಕೇಳುತ್ತಾರೆ. ನಾನಂತೂ "ಹೌದೇ, ನಿನ್ನ ಪಾಲಿಂದೂ ಆನೇ ತಿಂದಿ" ಎಂದು ತಿಂದದ್ದನ್ನು ಒಪ್ಪಿಕೊಂಡು ಹಲ್ಲು ಕಿರಿದು ಬಸ್ಸು ಹತ್ತುತ್ತೇನೆ. ನನಗೆ ಐವತ್ತು ದಾಟಿದೆ, ಚರ್ಮ ಗಟ್ಟಿಯಾಗಿದೆ. ಹದಿನಾಲ್ಕರ ಹುಡುಗಿಗೆ ಅಷ್ಟು ಗಟ್ಟಿ ಚರ್ಮ ಎಲ್ಲಿಂದ ಬರಬೇಕು?

ಯಲ್ಲಾಪುರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಪ್ರತಿ ವರ್ಷ ಮಕ್ಕಳ ಎತ್ತರ, ತೂಕ ನೋಡುವುದು ನಮ್ಮಲ್ಲಿ ಕ್ರಮ. ಒಂದು ವರ್ಷ ಶಾಲೆಯ ತೂಕದ ಯಂತ್ರಕ್ಕೆ ಹುಚ್ಚು ಹಿಡಿಯಿತು. ಮಗು ನಿಂತರೂ ಅಷ್ಟೇ, ಕುರ್ಚಿ ಇಟ್ಟರೂ ಅಷ್ಟೇ ತೋರಿಸತೊಡಗಿತು. ಯಾವುದಕ್ಕೂ ಹೆದರದ ನಮ್ಮ ಹೆಡ್‌ಮಾಸ್ತರರು ಪೇಟೆಯ ಅಡಿಕೆ ವಖಾರಿಯಿಂದ ಚೀಲ ತೂಗುವ ಕಾಟಾ ತರಿಸಿ ಜಗಲಿಯ ಮೇಲೆ ಇಡಿಸಿದರು.

ಅಡಿಕೆ ತೂಗುವುದಕ್ಕೆ ಒಂದು ರೀತಿಯಿದೆ. ಬೆಳೆಗಾರನಿಗೆ ಮೋಸವಾಗಬಾರದಲ್ಲ, ಅದಕ್ಕೇ ಕಾಟಾದ ಕೆಂಪು ಅಂಕಿಗಳು ದೂರ ನಿಂತವರಿಗೂ ಕಾಣುವಷ್ಟು ದೊಡ್ಡವು. ಒಬ್ಬ ಅಂಕಿ ನೋಡಿ ಗಟ್ಟಿಯಾಗಿ ಕೂಗುತ್ತಾನೆ, ಇನ್ನೊಬ್ಬ ಅದನ್ನೇ ತಿರುಗಿ ಕೂಗಿ ಬರೆದುಕೊಳ್ಳುತ್ತಾನೆ. ವಖಾರಿಯಲ್ಲಿ ಅದು ಪ್ರಾಮಾಣಿಕತೆ. ಅದೇ ಪ್ರಾಮಾಣಿಕತೆ ಕಾಟಾದ ಜೊತೆ ನಮ್ಮ ಶಾಲೆಗೂ ಬಂತು. ಹಾವೇರಿ ಕಡೆಯ ನಮ್ಮ ಪಿ.ಟಿ. ಮಾಸ್ತರರದು ಮೈಕು ಬೇಡದ ಗಂಟಲು. "ಏರವಾ ಮ್ಯಾಲ, ಅಲ್ಲಾಡಬ್ಯಾಡ" ಎನ್ನುವುದು, ಅಂಕಿ ಕೂಗುವುದು. ಜಗಲಿಯ ಕೆಳಗಿದ್ದ ಹುಡುಗರ ದಂಡು ಅದನ್ನೇ ತಿರುಗಿ ಕೂಗುವುದು. ಅರ್ಧಕ್ಕೂ ಹೆಚ್ಚು ಮಕ್ಕಳು ಅಡಿಕೆ ಮನೆಯವರು, ಆಮೇಲೆ ಕೇಳಬೇಕೇ? ಅಡಿಕೆಯ ಬಗೆಗಳ ಹೆಸರೇ ಮಕ್ಕಳಿಗೂ ಅಂಟಿತು. ಒಣಕಲು ಹುಡುಗನಿಗೆ 'ಚಾಲಿ' ಎಂದು ಹೆಸರಾಯಿತು, ಗುಂಡಗಿದ್ದವನಿಗೆ 'ಬೆಟ್ಟೆ'. ಒಂಬತ್ತನೇ ತರಗತಿಯ ಒಬ್ಬ ಹುಡುಗಿಗೆ 'ತುಂಬಿದ ಚೀಲ'. ಗಲಾಟೆ ಕೇಳಿ ನಾನು ಪಾಠ ಬಿಟ್ಟು ಹೊರಗೆ ಬಂದು ಎಲ್ಲರನ್ನೂ ಬೈದೆ. ಬೈದರೆ ಹೆಸರು ಅಳಿಸಿಹೋಗುತ್ತದೆಯೇ? ಇನ್ನೂ ಪಕ್ಕಾ ಆಯಿತು.

ಆ ಹುಡುಗಿ ಸಾಮಾನ್ಯದವಳಲ್ಲ. ಮೊದಲ ಬೆಂಚಿನಲ್ಲಿ ಕೂತು ನನ್ನ ಬೋರ್ಡಿನ ಕಾಗುಣಿತ ತಿದ್ದುವಷ್ಟು ಅಧಿಕಪ್ರಸಂಗಿ. ನನಗೆ ಅವಳನ್ನು ಕಂಡರೆ ಜೀವ. ಅವತ್ತು ಎಲ್ಲರ ಜೊತೆ ಅವಳೂ ನಕ್ಕಳು. ನಕ್ಕಳು ಅಂದಮೇಲೆ ಸಲೀಸಾಗಿ ತೆಗೆದುಕೊಂಡಳು ಎಂದುಕೊಂಡೆವು.

ಅದಾದ ಮೇಲೆ ಅವಳಿಗೆ ಬಡಿಸುವ ಹುಚ್ಚು ಹಿಡಿಯಿತು. ಮಧ್ಯಾಹ್ನ ಬಿಸಿಯೂಟದ ಗಂಟೆ ಹೊಡೆದರೆ ಸಾಕು, ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು ಸಾಂಬಾರಿನ ಬಕೆಟ್ಟು ಹಿಡಿದು ನಿಲ್ಲುತ್ತಿದ್ದಳು. "ಇನ್ನೊಂಚೂರು, ಇನ್ನೊಂದೇ ಸೌಟು" ಎಂದು ಒತ್ತಾಯ ಮಾಡಿ ಬಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಊರಿನ ಮದುವೆ, ಮುಂಜಿಗಳಲ್ಲೂ ಅಷ್ಟೇ. ಎಲ್ಲರ ಬಾಯಲ್ಲೂ ಅವಳದೇ ಹೊಗಳಿಕೆ, ಎಂಥಾ ಚುರುಕು, ಎಂಥಾ ಸೇವಾಭಾವ ಎಂದು. ಹೆಡ್‌ಮಾಸ್ತರರು ಪ್ರಾರ್ಥನೆಯಲ್ಲಿ ಚಪ್ಪಾಳೆಯನ್ನೂ ತಟ್ಟಿಸಿದರು. ಮುಂದಿನ ಬೇಸಿಗೆಯ ಹೊತ್ತಿಗೆ ಹುಡುಗಿ ಸಣ್ಣಗಾಗಿದ್ದಳು. ದಪ್ಪ ಎಂದಿದ್ದ ಬಾಯಿಗಳೇ ಈಗ, "ಈಗ ನೋಡು, ಎಷ್ಟು ಚಂದ ಕಾಣ್ತೆ" ಎಂದವು.

ಇದರಲ್ಲಿ ಏನೋ ಮೋಸವಿದೆ ಎಂದು ನನಗೆ ಗೊತ್ತಾದದ್ದು ನನ್ನ ಹೊಟ್ಟೆಬಾಕತನದಿಂದ. ಇಡಗುಂದಿಯಲ್ಲಿ ನಮ್ಮ ಸಹೋದ್ಯೋಗಿಯೊಬ್ಬರ ಗೃಹಪ್ರವೇಶ. ಅಂಥ ಊಟಕ್ಕೆ ಹೋದರೆ ನಾನು ಯಾವತ್ತೂ ಕೊನೆಯ ಪಂಕ್ತಿಗೇ ಕೂರುವವಳು. ನಮ್ಮಲ್ಲಿ ಬಡಿಸಿದವರು ಎಲ್ಲರದೂ ಆದಮೇಲೆ ಉಣ್ಣುವುದು ರೂಢಿ. ಆ ಪಂಕ್ತಿಯಲ್ಲಿ ಹಪ್ಪಳಕ್ಕೆ ಲೆಕ್ಕವಿಲ್ಲ, ಹೋಳಿಗೆಗೆ ತುಪ್ಪ ಸುರಿಯುವಾಗ ಸಾಕು ಎನ್ನುವವರಿಲ್ಲ. ಅಡುಗೆಮನೆಯ ಸುದ್ದಿಯೂ ಬಿಸಿಬಿಸಿಯಾಗಿ ಸಿಗುತ್ತದೆ. ಅವತ್ತು ಎಲೆಯ ಮುಂದೆ ಕೂತು ಮಾವಿನಕಾಯಿಯ ಅಪ್ಪೆಹುಳಿ ಸೊರ್ರೆಂದು ಹೀರುತ್ತಾ ಆಚೀಚೆ ನೋಡಿದೆ. ಬೆಳಿಗ್ಗೆಯಿಂದ ಎಲ್ಲರಿಗೂ ಬಡಿಸಿದ್ದ ನಮ್ಮ ಹುಡುಗಿ ಇಲ್ಲ.

"ಅದು ಆಗ್ಲೇ ಒಳಗೆ ಉಂಡಾತು ಹೇಳ್ತು" ಎಂದರು ಒಬ್ಬರು. ಅಡುಗೆಯವರನ್ನು ಕೇಳಿದರೆ, ಒಳಗೆ ಉಂಡಿಲ್ಲವೆಂದು ತಲೆಯಾಡಿಸಿ, "ಇಲ್ಲೆ, ಹೊರಗೆ ಉಂಡಿಕ್ಕು" ಎಂದರು. ಎಲೆ ಬಿಟ್ಟು ಎದ್ದು ಹೋಗಿ ನೋಡಿದರೆ ಹುಡುಗಿ ಹಿತ್ತಲಿನ ಕಲ್ಲಿನ ಮೇಲೆ ಕೂತು ಯಾರದೋ ಮಗುವಿಗೆ ಪಾಯಸ ಉಣಿಸುತ್ತಿದ್ದಳು. ಉರಿ ಸೆಖೆಯಲ್ಲಿ ಮೈಮೇಲೆ ಸ್ವೆಟರ್. ಬಾ, ನನ್ನ ಪಕ್ಕ ಕೂತುಕೋ ಎಂದೆ. "ಬಡಿಸಿ ಬಡಿಸಿ ಹೊಟ್ಟೆ ತುಂಬಿದೆ ಅಕ್ಕೋರೆ" ಎಂದು ನಕ್ಕಳು. ಬಡಿಸುವುದರಲ್ಲಿ ನನಗೂ ಅನುಭವವಿದೆ. ಬಡಿಸಿ ಯಾವತ್ತೂ ನನ್ನ ಹೊಟ್ಟೆ ತುಂಬಿದ್ದಿಲ್ಲ.

ಮರುದಿನವೇ ಅವಳ ಮನೆಗೆ ಹೋದೆ. ತಾಯಿ ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ ಚಾ ಕೊಟ್ಟರು. ಇತ್ತೀಚೆಗೆ ಮಗಳ ಊಟ ಹೇಗೆ ಎಂದೆ.

"ಅದು ಮಧ್ಯಾಹ್ನ ಶಾಲೇಲಿ ಹೊಟ್ಟೆತುಂಬ ಉಂಡ್ಕಂಡು ಬತ್ತು ಅಕ್ಕೋರೆ. ರಾತ್ರಿ ಎಂತೂ ಬ್ಯಾಡ ಹೇಳ್ತು."

"ಶಾಲೆಯಲ್ಲಿ, ಮನೆಯಲ್ಲೇ ಗಡದ್ದಾಗಿ ತಿಂಡಿ ತಿಂದು ಬಂದೆ ಅಂತಾಳೆ" ಎಂದೆ.

ತಾಯಿ ಕೈಯಲ್ಲಿದ್ದ ಇಕ್ಕಳವನ್ನು ಹಾಗೇ ಹಿಡಿದುಕೊಂಡು ನಿಂತರು. ಒಲೆಯ ಮೇಲೆ ಹಾಲು ಉಕ್ಕಿತು, ಅದನ್ನೂ ನೋಡಲಿಲ್ಲ. ಆಮೇಲೆ ಒಂದೊಂದಾಗಿ ಹೇಳಿದರು. ತಲೆ ಬಾಚಿದರೆ ಕೂದಲು ಮುಷ್ಟಿಗಟ್ಟಲೆ ಬರುತ್ತದೆ, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತದೆ. ಪಿತ್ತ ಇರಬೇಕೆಂದು ಕಷಾಯ ಮಾಡಿಕೊಟ್ಟಾಗಿದೆ. ಒಂದೆಲಗದ ತಂಬುಳಿ, ಓಮದ ನೀರು, ದೃಷ್ಟಿ ತೆಗೆಸಿದ್ದು, ಎಲ್ಲ ಆಗಿದೆ. ಯಾರೋ ಜಾತಕವನ್ನೂ ನೋಡಿ ಶನಿಯ ಮೇಲೆ ತಪ್ಪು ಹೊರಿಸಿದ್ದರಂತೆ. ಪಾಪ, ಶನಿಗೆ ಅಡಿಕೆ ಕಾಟಾದ ಸುದ್ದಿಯೇ ಗೊತ್ತಿರಲಿಕ್ಕಿಲ್ಲ.

ಶಿರಸಿಯ ಡಾಕ್ಟರಮ್ಮನ ಹತ್ತಿರ ಮೂವರೂ ಹೋದೆವು. ಇದು ಹಟವೂ ಅಲ್ಲ, ಬಿಂಕವೂ ಅಲ್ಲ, ಕಾಯಿಲೆ ಎಂದರು ಅವರು. ಮನಸ್ಸಿಗೆ ಹತ್ತಿದ್ದು ಮೈಗೆ ಇಳಿದಿದೆ, ಬೇಗ ಬಂದದ್ದು ಒಳ್ಳೆಯದಾಯಿತು, ಆದರೆ ಗುಣವಾಗಲು ಸಮಯ ಬೇಕು ಎಂದರು. ಬೈಯಬೇಡಿ, ತುತ್ತು ಎಣಿಸಬೇಡಿ, ಸಣ್ಣಗಾದೆ ದಪ್ಪಗಾದೆ ಎಂಬ ಮಾತೇ ಅವಳ ಕಿವಿಗೆ ಬೀಳದಿರಲಿ ಎಂದರು. ಕೊನೆಯದನ್ನು ಕೇಳಿ ತಾಯಿ ನನ್ನ ಮುಖ ನೋಡಿದರು. ಈ ಮಾತಿಲ್ಲದೆ ನಮ್ಮೂರಿನಲ್ಲಿ ಜನ ಮಾತು ಶುರು ಮಾಡುವುದಾದರೂ ಹೇಗೆ?

ಊರನ್ನು ತಿದ್ದುವುದು ನನ್ನಿಂದಾಗುವ ಕೆಲಸವಲ್ಲ, ಶಾಲೆಯ ಕಂಪೌಂಡಿನೊಳಗೆ ಒಂದು ಕೈ ನೋಡೋಣ ಎಂದುಕೊಂಡೆ. ತೂಕದ ದಿನ ಮತ್ತೆ ಬಂದಿತ್ತು. ಹುಚ್ಚು ಹಿಡಿದ ಯಂತ್ರ ಇನ್ನೂ ಹಾಗೇ ಇತ್ತು, ಆದ್ದರಿಂದ ಮತ್ತದೇ ಕಾಟಾ. ಸ್ಟಾಫ್ ಮೀಟಿಂಗಿನಲ್ಲಿ ನಾನು ಎಂದಿಗಿಂತ ವಿನಯದಿಂದ ಎದ್ದು ನಿಂತು, "ಸರ್, ಈ ಸಲ ಶಿಕ್ಷಕರಿಂದಲೇ ಆರಂಭವಾಗಲಿ. ಮಕ್ಕಳಿಗೆ ಮಾದರಿಯಾಗುತ್ತದೆ" ಎಂದೆ. ಮಾದರಿ ಎಂಬ ಮಾತು ಕೇಳಿದರೆ ಹೆಡ್‌ಮಾಸ್ತರರು ಕರಗಿ ನೀರಾಗುತ್ತಾರೆ. ಒಪ್ಪಿಬಿಟ್ಟರು.

ಮಕ್ಕಳೆಲ್ಲ ಅಂಗಳದಲ್ಲಿ ಸಾಲಾಗಿ ನಿಂತ ಮೇಲೆ ಒಬ್ಬೊಬ್ಬರದೇ ಬಣ್ಣ ಬಯಲಾಯಿತು. ಗಣಿತದವರಿಗೆ ಮಂಡಿ ನೋವು. ವಿಜ್ಞಾನದವರು ಈಗಷ್ಟೇ ಊಟ ಮಾಡಿದ್ದಾರೆ, ಫಲಿತಾಂಶ ವೈಜ್ಞಾನಿಕವಾಗಿರುವುದಿಲ್ಲ. ಹೆಡ್‌ಮಾಸ್ತರರಿಗೆ ಯಾವುದೋ ಫೋನು ಬಂತು, ಆದರೆ ರಿಂಗ್ ಆದದ್ದು ಯಾರಿಗೂ ಕೇಳಿಸಲಿಲ್ಲ. ನಾನು ಚಪ್ಪಲಿ ಬಿಟ್ಟು ಕಾಟಾ ಹತ್ತಿದೆ. ಕೆಂಪು ಅಂಕಿಗಳು ಹೊತ್ತಿಕೊಂಡವು. ಎಷ್ಟು ಎಂದು ನಿಮಗೆ ಹೇಳುವುದಿಲ್ಲ, ಯಾಕೆ ಹೇಳಬೇಕು?

"ಕೂಗಿ ಸರ್" ಎಂದೆ ಪಿ.ಟಿ. ಮಾಸ್ತರರಿಗೆ.

ಮೈಕು ಬೇಡದ ಮನುಷ್ಯ ಪಿಸುಗುಟ್ಟಿದರು. "ಹೆಂಗ ಕೂಗ್ಲಿರಿ ಅಕ್ಕೋರ? ಹೆಣ್ಮಕ್ಕಳು ನೀವು."

"ಹೋದ ವರ್ಷ ಇಲ್ಲಿ ನಿಂತವರೂ ಹೆಣ್ಣುಮಕ್ಕಳೇ ಅಲ್ಲವಾ ಸರ್?"

ಆ ಮನುಷ್ಯ ಕೆಟ್ಟವರಲ್ಲ. ಓಟದಲ್ಲಿ ಬಿದ್ದ ಮಕ್ಕಳನ್ನು ಹೆಗಲ ಮೇಲೆ ಹೊತ್ತು ತರುವವರು. ಬಗ್ಗಿ ಕಾಟಾದ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು. ಅಂದಿನಿಂದ ತೂಕ ನೋಡುವುದು ಲೈಬ್ರರಿಯ ಒಳಗೆ, ಬಾಗಿಲು ಹಾಕಿಕೊಂಡು, ಒಬ್ಬೊಬ್ಬರನ್ನೇ ಕರೆದು. ನಮ್ಮ ಹುಡುಗಿಗೆ ಅದೂ ಇಲ್ಲ, ಅವಳದು ಡಾಕ್ಟರಮ್ಮನ ಪಾಲಿಗೆ.

ಇನ್ನೊಂದು ನಿಯಮವೂ ಬಂತು. ಕಂಪೌಂಡಿನೊಳಗೆ ಯಾರು ಯಾರ ಮೈಯ ಬಗ್ಗೆ ಮಾತಾಡಿದರೂ ಮರುದಿನ ಪ್ರಾರ್ಥನೆಯಲ್ಲಿ ನಿಂತು ಹಾಡಬೇಕು. ಮೊದಲು ಸಿಕ್ಕಿಬಿದ್ದವರು ಹೆಡ್‌ಮಾಸ್ತರರೇ. ಪಾಲಕರೊಬ್ಬರನ್ನು ಗೇಟಿನಲ್ಲಿ ಕಂಡು, "ಏನ್ರೀ, ಭಾರೀ ಸೊರಗಿದ್ದೀರಲ್ಲ" ಎಂದುಬಿಟ್ಟರು. ಅವರ ಹಾಡು ಕೇಳಿ ನಗು ತಡೆಯಲಾರದೆ ಒಂದು ಸಾಲು ಮಕ್ಕಳು ಕೂತೇಬಿಟ್ಟರು. ಆಮೇಲೆ ಹುಡುಗರಿಗೆ ಇದೇ ಆಟ. ದೊಡ್ಡವರ ಎದುರು ಹೊಟ್ಟೆ ಮುಂದೆ ಮಾಡಿಕೊಂಡು ಓಡಾಡುವುದು, ಯಾರಾದರೂ ಬಾಯಿ ಬಿಡುತ್ತಾರೋ ಎಂದು ಕಾಯುವುದು.

ದೊಡ್ಡ ಜಗಳ ನಡೆದದ್ದು ಮೂರನೆಯ ನಿಯಮಕ್ಕೆ. ಬಡಿಸುವ ಮಕ್ಕಳು ಎಲ್ಲರಿಗಿಂತ ಮೊದಲು ಕೂತು ಉಣ್ಣಬೇಕು, ಅವರಿಗೆ ಶಿಕ್ಷಕರು ಬಡಿಸಬೇಕು ಎಂದೆ. ಶಾಲಾ ಸಮಿತಿಯ ಹಿರಿಯರೊಬ್ಬರಿಗೆ ಆಕಾಶವೇ ಕಳಚಿ ಬಿತ್ತು. "ಬಡ್ಸವ್ವು ಮೊದಲು ಉಂಬದು ಹೇಳಿ ಇದ್ದಾ? ಎಂಜಲು ಕೈಯಲ್ಲಿ ಬಡ್ಸದಾ?" ಎಂದರು. ಸೋಪು ಇದೆ, ನಳವೂ ಇದೆ ಎಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಶಿಕ್ಷಕರು ಬಡಿಸುವುದನ್ನು ನೋಡುವ ಆಸೆಯಾಗಿ ಸುಮ್ಮನಾದರು.

ಎಲ್ಲರಿಗಿಂತ ಹೆಚ್ಚು ಸಿಟ್ಟಾದದ್ದು ನಮ್ಮ ಹುಡುಗಿ. ಅಡಗಿಕೊಳ್ಳಲು ಇದ್ದ ಒಂದೇ ಜಾಗ ಹೋಯಿತಲ್ಲ. "ಇದು ನನ್ನೊಬ್ಬಳಿಗೇ ಮಾಡಿದ ನಿಯಮ" ಎಂದಳು. ಹೌದು ಎಂದೆ. ಸುಳ್ಳು ಹೇಳಿ ಏನು ಮಾಡಲಿ? ಕೆಲವು ದಿನ ತಟ್ಟೆಯ ಮುಂದೆ ಕೂತು ಅನ್ನವನ್ನು ಆ ಕಡೆಯಿಂದ ಈ ಕಡೆಗೆ ತಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಅವಳ ತಟ್ಟೆ ನೋಡದೆ ಕಿರವತ್ತಿ ಬಸ್ಸಿನ ಕಂಡಕ್ಟರನ ಕಥೆ, ನನ್ನ ಚಿಕ್ಕಮ್ಮನ ಕಥೆ ಹೇಳುತ್ತಾ ನನ್ನ ಪಾಲಿನದನ್ನು ಉಣ್ಣುತ್ತಿದ್ದೆ. ಒಂದು ದಿನ ಪೂರ್ತಿ ಉಂಡರೆ ಎರಡು ದಿನ ಮುಟ್ಟುತ್ತಿರಲಿಲ್ಲ. ಮಳೆಗಾಲದಲ್ಲೊಮ್ಮೆ ಮನೆಯಲ್ಲಿ ತಲೆಸುತ್ತಿ ಬಿದ್ದು ಆಸ್ಪತ್ರೆ ಸೇರಿದಳು. ಸಲೈನ್ ಹಾಕಿದ ಆ ಕೈ ನೋಡಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಕೈತಪ್ಪಿ ಹೋಗುತ್ತಾಳೆ ಅನ್ನಿಸಿತು. ಬರುವಾಗ ಬಸ್ಸಿನಲ್ಲಿ ಅತ್ತೆ. ಪಕ್ಕದಲ್ಲಿದ್ದ ಮುದುಕಿ ಯಾಕೆ ಅಳುತ್ತೀ ಎಂದು ಕೇಳದೆ, ಶೇಂಗಾ ಪೊಟ್ಟಣ ಮುಂದೆ ಹಿಡಿದಳು. ತಿಂದೆ.

ಅವಳು ಮತ್ತೆ ಶಾಲೆಗೆ ಬಂದಳು. ಶಿರಸಿಗೆ ಓಡಾಟ ನಡೆದೇ ಇತ್ತು. ನಿಧಾನವಾಗಿ ತಟ್ಟೆಯಲ್ಲಿ ಅನ್ನ ತಳ್ಳುವುದು ಕಡಿಮೆಯಾಯಿತು. ಆದರೂ ಉಣ್ಣುವಾಗ ಔಷಧಿ ಕುಡಿಯುವವಳ ಮುಖ. ನಾವು ಬಡಿಸಿದೆವು, ಅವಳು ನುಂಗಿದಳು, ಅಷ್ಟೇ.

ಚಳಿಗಾಲ ಶುರುವಾಗುವಾಗ ಮೇಲಿನ ಅಧಿಕಾರಿಯೊಬ್ಬರು ಶಾಲೆ ನೋಡಲು ಬಂದರು. ಬಿಸಿಯೂಟವನ್ನು ಅವರೆದುರೇ ಬಡಿಸಬೇಕೆಂದು ಏರ್ಪಾಡಾಯಿತು. ಬಡಿಸುವ ಮಕ್ಕಳು ನಿಯಮದಂತೆ ಮುಂದಿನ ಸಾಲಿನಲ್ಲಿ ಖಾಲಿ ತಟ್ಟೆ ಇಟ್ಟುಕೊಂಡು ಕೂತಿದ್ದರು. ನಾನು ಸಾರಿನ ಬಕೆಟ್ಟು ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಹೆಡ್‌ಮಾಸ್ತರರು ಪೌಷ್ಟಿಕ ಆಹಾರದ ಮಹತ್ವದ ಬಗ್ಗೆ ಎರಡು ಮಾತಾಡುತ್ತೇನೆಂದು ಎದ್ದರು. ಅವರ ಎರಡು ಮಾತು ನಮಗೆಲ್ಲ ಗೊತ್ತಿದ್ದದ್ದೇ. ಜೀವಸತ್ವಗಳು ಒಂದೊಂದಾಗಿ ಬಂದವು. ಅನ್ನದ ಹಬೆ ನಿಂತಿತು. ಅಧಿಕಾರಿ ಗಡಿಯಾರ ನೋಡಿಕೊಂಡರು.

ಆಗ ಮುಂದಿನ ಸಾಲಿನಿಂದ ಒಂದು ದನಿ ಬಂತು.

"ಸರ್, ಬೇಗ ಮುಗಿಸಿ. ನಂಗೆ ಹಸಿವಾಗ್ತಾ ಇದೆ."

ಇಡೀ ಅಂಗಳ ಗೊಳ್ಳೆಂದು ನಕ್ಕಿತು. ಹೆಡ್‌ಮಾಸ್ತರರು ಗದರಿಸಲು ತಿರುಗಿದರು. ಹೇಳಿದ್ದು ಯಾರೆಂದು ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ಭಾಷಣದ ಕಾಗದವನ್ನು ಜೇಬಿಗೆ ತುರುಕಿ, "ಊಟಕ್ಕೆ ಹಾಕಿ, ಊಟಕ್ಕೆ ಹಾಕಿ" ಎಂದರು.

ನಾನು ಬಕೆಟ್ಟಿನೊಂದಿಗೆ ಓಡಿದೆ. ಕಣ್ಣು ಮಂಜಾಗಿ ತಟ್ಟೆ ಎಲ್ಲಿದೆಯೆಂದು ಕಾಣಲಿಲ್ಲ. ಒಂದು ಸೌಟು ಸಾರು ನೆಲಕ್ಕೆ, ಅರ್ಧ ಅವಳ ಚೂಡಿದಾರಕ್ಕೆ.

"ಅಕ್ಕೋರೆ," ಎಂದಳು ಹುಡುಗಿ ತಟ್ಟೆಯನ್ನು ಮೇಲೆತ್ತಿ ಹಿಡಿದು, "ಸರಿಯಾಗಿ ಬಡ್ಸೋಕೂ ಬರೋದಿಲ್ವಾ ನಿಮಗೆ?"