ವೈನಿಗೂ ಮೈನಿಗೂ ಒಂದೇ ಅಕ್ಷರದ ಅಂತರ

“ಮೈನ್ ಅಂದ್ರಲೇ! ಎಷ್ಟು ಆಳ ತೋಡ್ಯಾರ, ಕೇಳು,” ಎಂದು ಅಪ್ಪ ನನ್ನ ಪಕ್ಕೆ ತಿವಿದ. ಕಮಲಾಪುರದ ಬಸ್ ನಿಲ್ದಾಣದಲ್ಲಿ ನಮ್ಮ ಪಕ್ಕ ಕುಳಿತಿದ್ದ ಅಮೆರಿಕದ ಅಜ್ಜಿ ಹೇಳಿದ್ದು ವೈನ್. ಕ್ಯಾಲಿಫೋರ್ನಿಯಾದ ಬೆಟ್ಟಸಾಲಿನಲ್ಲಿ ಆಕೆಯದು ದ್ರಾಕ್ಷಿ ತೋಟ. ಈಗ ನಮ್ಮ ಕಡೆ ಎಲ್ಲರ ಕಿವಿಗೂ ಮೈನ್, ಅಂದರೆ ಗಣಿ, ಒಂದೇ ಕೇಳುತ್ತದೆ. ಸಂಡೂರು ದಾರಿಯ ನಮ್ಮ ಹೊಲವನ್ನು ಅದಿರು ತೆಗೆಯುವವರಿಗೆ ಕೊಡಲು ಅಪ್ಪ ಮರುದಿನ ಸಹಿ ಹಾಕುವವನಿದ್ದ. ಒಲ್ಲೆ ಎನ್ನುತ್ತಿದ್ದವನನ್ನು ವಾರಗಟ್ಟಲೆ ವಾದಿಸಿ ಒಪ್ಪಿಸಿದ್ದು ನಾನೇ.

ಅಪ್ಪನಿಗೆ ಮೈನ್ ಎಂದು ಕೇಳಿಸಿತೆಂದು ನಾನು ಇಂಗ್ಲಿಷಿನಲ್ಲಿ ತಿಳಿಸಿದಾಗ ಆಕೆ ನಕ್ಕರು. ಮೈನೂ ಇತ್ತಂತೆ, ಆಕೆಯ ಮುತ್ತಜ್ಜ ಅಲ್ಲಿಗೆ ಬಂದದ್ದೇ ಚಿನ್ನ ಅಗೆಯಲು. ಚಿನ್ನ ಕೆಲವೇ ವರ್ಷಗಳಲ್ಲಿ ಮುಗಿಯಿತು. ಅಗೆಯದೆ ಉಳಿದ ತುಂಡು ನೆಲದಲ್ಲಿ ಆತ ನೆಟ್ಟ ಬಳ್ಳಿಗಳು ಇಂದಿಗೂ ಹಣ್ಣು ಬಿಡುತ್ತಿವೆ, ವೈನ್ ಆ ಹಣ್ಣಿನದೇ. ಇದನ್ನೆಲ್ಲ ಅಪ್ಪನಿಗೆ ಕನ್ನಡದಲ್ಲಿ ಹೇಳಿ, ಒಂದು ಮನೆಯ ಕತೆ ಪುರಾವೆಯಲ್ಲ ಎಂದೂ ಸೇರಿಸಿದೆ.

“ತೋಡಿದ ಜಾಗದಾಗ ಈಗೇನು ಬೆಳಿತೈತಿ? ಅದನ್ನ ಕೇಳಲೇ ಮೊದಲು,” ಎಂದ ಅಪ್ಪ.

ಕೇಳಿದೆ. ಬರೀ ಕಲ್ಲು ಎಂದರು ಆಕೆ.

ಮರುದಿನ ಅಪ್ಪ ಸಹಿ ಹಾಕಲಿಲ್ಲ, ಇಲ್ಲವೆನ್ನಲೂ ಇಲ್ಲ. ಅದಿರಿನವರಿಗೆ “ನಾಳೆ ಬರ್ರಿ” ಎಂದ. ಅವರು ಬರುತ್ತಲೇ ಇದ್ದಾರೆ. ಚರ್ಚಾಸ್ಪರ್ಧೆಗಳಲ್ಲಿ ಯಾವ ಪಕ್ಷ ಕೊಟ್ಟರೂ ಗೆದ್ದು ಬಂದ ನಾನು, ಅವರ ಜೀಪಿನ ಸದ್ದಾದರೆ ಎದ್ದು ಒಳಗೆ ಹೋಗುತ್ತೇನೆ.